ಮೂರಡಿ ಕೇಬಲ್ಲಿನ ಮುನ್ನೂರು ತಾಪತ್ರಯ

ಟೆಲಿಫೋನ್ ತಂತಿಯ ಮೇಲೆ ಎರಡು ಯಂತ್ರಗಳನ್ನು ಮಾತಾಡಿಸುವ ಕೆಲಸ 1962ರಲ್ಲೇ, ಎಟಿ ಅಂಡ್ ಟಿ ಕಂಪನಿಯ ಬೆಲ್ 103 ಮಾಡೆಮ್ (ಕಂಪ್ಯೂಟರಿನ ಒಂದು-ಸೊನ್ನೆಗಳನ್ನು ಸದ್ದಾಗಿಸಿ ಫೋನಿನಲ್ಲಿ ಸಾಗಿಸುವ ಪೆಟ್ಟಿಗೆ) ಬಂದಾಗಲೇ, ಹೆಚ್ಚುಕಡಿಮೆ ಬಗೆಹರಿದಿತ್ತು. ಕರೆ ಮಾಡಿದ ಕಡೆಯವರು 1270 ಹರ್ಟ್ಸ್‌ನಲ್ಲಿ ಶಿಳ್ಳೆ ಹಾಕಿದರೆ ಒಂದು, 1070ರಲ್ಲಿ ಹಾಕಿದರೆ ಸೊನ್ನೆ. ಆಚೆ ಕಡೆಯವರಿಗೆ 2225 ಮತ್ತು 2025. ಸೆಕೆಂಡಿಗೆ 300 ಬಿಟ್. ಹೀಗೆ ಸಾವಿರ ಮೈಲಿ ದಾಟುವುದು ಸಲೀಸಾಯಿತು. ಆಮೇಲಿನ ಮೂವತ್ತು ಚಿಲ್ಲರೆ ವರ್ಷ ಎಲ್ಲರ ತಲೆ ತಿಂದದ್ದು ಮಾಡೆಮ್ಮಿಗೂ ಅದೇ ಮೇಜಿನ ಮೇಲಿದ್ದ ಕಂಪ್ಯೂಟರಿಗೂ ನಡುವಿನ ಮೂರಡಿ.

ಮೊದಲ ಅಡ್ಡಿ ಕಾನೂನಿನದು. ಅಮೆರಿಕದಲ್ಲಿ ಫೋನ್ ತಂತಿಗೆ ಹೊರಗಿನವರ ಯಂತ್ರ ತಾಗಿಸುವಂತಿರಲಿಲ್ಲ. 1968ರ ಕಾರ್ಟರ್‌ಫೋನ್ ತೀರ್ಪು ಬಾಗಿಲು ತೆರೆದ ಮೇಲೂ, ನಡುವೆ ನಮ್ಮದೇ ಒಂದು ರಕ್ಷಣಾ ಪೆಟ್ಟಿಗೆ ಇರಲಿ, ಅದಕ್ಕೆ ಬಾಡಿಗೆ ಕೊಡಿ ಎಂದಿತು ಫೋನ್ ಕಂಪನಿ. ತಂತಿ ಮುಟ್ಟಬಾರದು ಸರಿ, ರಿಸೀವರ್ ಮುಟ್ಟಬಹುದಲ್ಲ? ಅಕೌಸ್ಟಿಕ್ ಕಪ್ಲರ್ ಎಂಬ ಪೆಟ್ಟಿಗೆಯ ಹೂರಣವೇ ಇದು: ಎರಡು ರಬ್ಬರ್ ಬಟ್ಟಲು, ಒಂದರಲ್ಲಿ ಸ್ಪೀಕರ್, ಇನ್ನೊಂದರಲ್ಲಿ ಮೈಕು. ಕೈಯಲ್ಲೇ ನಂಬರ್ ತಿರುಗಿಸಿ, ಆಚೆಯಿಂದ ಕೀರಲು ದನಿ ಕೇಳಿದ ಕೂಡಲೇ ರಿಸೀವರನ್ನು ಅದರಲ್ಲಿ ಒತ್ತಿ ಮಲಗಿಸಬೇಕು. ತಲೆಕೆಳಗಾಗಿ ಮಲಗಿಸಿದರೆ ಕಿವಿ ಮಾತಾಡುತ್ತದೆ, ಬಾಯಿ ಕೇಳಿಸಿಕೊಳ್ಳುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಅದಕ್ಕೇ ಹಲವು ಪೆಟ್ಟಿಗೆಗಳ ಮೇಲೆ ರಿಸೀವರಿನ ವೈರು ಯಾವ ಕಡೆಗೆಂದು ಗುರುತು ಇರುತ್ತಿತ್ತು. ಯಾರಾದರೂ ಬಾಗಿಲು ಧಡಾರನೆ ಹಾಕಿದರೆ ಆ ಸದ್ದೂ ಅಕ್ಷರವಾಗಿ ಪರದೆಯ ಮೇಲೆ ಬೀಳುತ್ತಿತ್ತು.

1977ರಲ್ಲಿ ಅಟ್ಲಾಂಟಾದ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಸ್-100 ಎಂಬ ಆಗಿನ ಮಾದರಿಯ ಕಂಪ್ಯೂಟರುಗಳ ಒಳಗೇ ಕೂರುವ ಮಾಡೆಮ್ ಕಾರ್ಡು ಮಾಡಿದರು. ಆಮೇಲೆ ಆಪಲ್ 2ಕ್ಕೆ ಬೇರೆ ಕಾರ್ಡು. ಮಾರುಕಟ್ಟೆಗೆ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಹೊಸ ಕಾರ್ಡು ಮಾಡುತ್ತಾ ಹೋದರೆ ಜನ್ಮವಿಡೀ ಅದೇ ಆದೀತು. ಹಾಗಾಗಿ ಅವರ 1981ರ ಸ್ಮಾರ್ಟ್‌ಮಾಡೆಮ್ ಹೊರಗೇ ಉಳಿಯಿತು. ಯಾವ ಕಂಪ್ಯೂಟರಿಗಾದರೂ ಆರ್‌ಎಸ್-232 ಸೀರಿಯಲ್ ಕೇಬಲ್ಲಿನಲ್ಲಿ (ಬಿಟ್‌ಗಳನ್ನು ಒಂದರ ಹಿಂದೊಂದು ಸಾಗಿಸುವಂಥದು) ಸೇರಿಸಬಹುದು.

ಸೇರಿಸಬಹುದು ಎಂದರೆ, ಕನೆಕ್ಟರ್ ಸರಿಯಾಗಿದ್ದರೆ. ಐಬಿಎಂ ಪಿಸಿಯ ಬೆನ್ನಿಗೆ 25 ಪಿನ್ನಿನ ಎರಡು ಬಾಯಿ ಇರುತ್ತಿದ್ದವು. ಪಿನ್ನು ಚಾಚಿಕೊಂಡಿರುವುದು ಸೀರಿಯಲ್, ತೂತು ಇರುವುದು ಪ್ರಿಂಟರಿನದು. ಮಾಡೆಮ್ಮಿನ ಬೆನ್ನಿಗೂ ತೂತಿನ ಬಾಯಿಯೇ. ಹೀಗಾಗಿ ಎರಡೂ ತುದಿಯಲ್ಲಿ ಪಿನ್ನಿರುವ ಕೇಬಲ್ ಕೊಂಡವರು ಅದನ್ನು ಪ್ರಿಂಟರ್ ಬಾಯಿಗೆ ಸಲೀಸಾಗಿ ಚುಚ್ಚಿ, ಸ್ಕ್ರೂ ಬಿಗಿದು, ಮಾಡೆಮ್ ಸತ್ತಿದೆ ಎಂದು ಘೋಷಿಸುತ್ತಿದ್ದರು. 1984ರ ಪಿಸಿ/ಎಟಿ ಸೀರಿಯಲ್ ಬಾಯಿಯನ್ನು 9 ಪಿನ್ನಿಗೆ ಇಳಿಸಿತು. ಇಳಿಸಿದ್ದು ಸಂತೋಷ. ಆದರೆ 25 ಪಿನ್ನಿನಲ್ಲಿ ಕಂಪ್ಯೂಟರ್ 2ರಲ್ಲಿ ಮಾತಾಡಿ 3ರಲ್ಲಿ ಕೇಳುತ್ತಿತ್ತು. 9 ಪಿನ್ನಿನಲ್ಲಿ 3ರಲ್ಲಿ ಮಾತಾಡಿ 2ರಲ್ಲಿ ಕೇಳುತ್ತದೆ. ಇದನ್ನು ತೀರ್ಮಾನಿಸಿದ ಪುಣ್ಯಾತ್ಮ ಕೇಬಲ್ ಬೆಸುಗೆ ಹಾಕಿದವನಂತೂ ಅಲ್ಲ.

9ರಿಂದ 25ಕ್ಕೆ ಕೇಬಲ್ ಕಟ್ಟುವುದಾದರೆ ಲೆಕ್ಕ ಹೀಗೆ: 2ರಿಂದ 3ಕ್ಕೆ, 3ರಿಂದ 2ಕ್ಕೆ, ನೆಲದ ತಂತಿ 5ರಿಂದ 7ಕ್ಕೆ. ಆಮೇಲೆ 7ರಿಂದ 4, 8ರಿಂದ 5, 6ರಿಂದ 6, 1ರಿಂದ 8, 4ರಿಂದ 20, 9ರಿಂದ 22. ಜುಗ್ಗರು ಮೊದಲ ಮೂರು ತಂತಿಗೇ ನಿಲ್ಲಿಸುತ್ತಾರೆ. 300ರ ವೇಗದಲ್ಲಿ ನಡೆಯುತ್ತದೆ, ಪತ್ರ ಓದಲೂ ಅಡ್ಡಿಯಿಲ್ಲ. 14,400ರ ಮಾಡೆಮ್ಮಿನಲ್ಲಿ ಫೈಲ್ ಇಳಿಸಲು ಹೋದಾಗ ಗ್ರಹಚಾರ ಶುರು: 'ಸ್ವಲ್ಪ ತಡಿ' ಎಂದು ಹೇಳುವ ತಂತಿಗಳೇ (7-4, 8-5) ಇಲ್ಲದ ಮೇಲೆ ಯಾರು ಯಾರನ್ನು ತಡೆಯಬೇಕು?

ಏನೂ ಬರುತ್ತಿಲ್ಲವೆಂದರೆ ಮಾಡೆಮ್ಮಿನ ಡಬ್ಬಿ ಬಿಚ್ಚುವ ಮುನ್ನ ಕೇಬಲ್ಲನ್ನು ಅದರಿಂದ ಕಿತ್ತು, 25 ಪಿನ್ನಿನ ತುದಿಯಲ್ಲಿ 2 ಮತ್ತು 3ನ್ನು ತಂತಿ ಸುತ್ತಿ ಸೇರಿಸಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಅದೇ 'ಸ್ವಲ್ಪ ತಡಿ' ತಂತಿಗಳ ಕೆಲಸ) ಆಫ್ ಮಾಡಿ, ಏನಾದರೂ ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬಂದರೆ ಪೋರ್ಟೂ ಕೇಬಲ್ಲೂ ನಿರ್ದೋಷಿಗಳು. ಪ್ರತಿ ಅಕ್ಷರ ಎರಡೆರಡು ಸಲ ಕಂಡರೆ ಲೋಕಲ್ ಎಕೋ (ಒತ್ತಿದ್ದನ್ನು ಪ್ರೋಗ್ರಾಮೇ ಪರದೆಗೆ ಹಾಕುವುದು) ಆನ್ ಆಗಿದೆ, ಅಷ್ಟೇ, ಕೀಬೋರ್ಡನ್ನು ಅನುಮಾನಿಸಬೇಡಿ.

ಸ್ಮಾರ್ಟ್‌ಮಾಡೆಮ್ಮಿನ ನಿಜವಾದ ಜಾಣತನ ಇರುವುದು ಇನ್ನೊಂದು ಕಡೆ. ಒಂದೇ ತಂತಿಯಲ್ಲಿ ಆಜ್ಞೆಯೂ ಹೋಗಬೇಕು, ಮಾಹಿತಿಯೂ ಹೋಗಬೇಕು. 'ಎಟಿಡಿಟಿ' ಎಂದು ಬರೆದು ನಂಬರ್ ಕೊಟ್ಟರೆ ಅದೇ ಡಯಲ್ ಮಾಡುತ್ತದೆ. ಸಂಪರ್ಕ ಸಿಕ್ಕ ಮೇಲೆ ಬರೆದದ್ದೆಲ್ಲ ಆಚೆಗೆ ಹೋಗುತ್ತದೆ. ಹಾಗಾದರೆ ಫೋನ್ ಇಡು ಎಂದು ಹೇಳುವುದು ಹೇಗೆ? ಒಂದು ಸೆಕೆಂಡ್ ಮೌನ, +++, ಮತ್ತೆ ಒಂದು ಸೆಕೆಂಡ್ ಮೌನ. ಮೌನವಿಲ್ಲದ +++ ಬರಿಯ ಮಾಹಿತಿ. ಯಾವುದೋ ಫೈಲಿನ ನಡುವೆ ಮೂರು ಕೂಡುವ ಚಿಹ್ನೆ ಬಂದ ಮಾತ್ರಕ್ಕೆ ಮಾಡೆಮ್ ಅದನ್ನು ಆಜ್ಞೆಗೆ ಕರೆ ಎಂದುಕೊಳ್ಳಬಾರದಲ್ಲ. ಇಷ್ಟು ಸೊಗಸಾದ ಉಪಾಯ ಎಡವಿದ್ದು ನಮ್ಮ ಬೆರಳಿನಲ್ಲಿ. +++ ಒತ್ತಿದವರು ಅಭ್ಯಾಸಬಲದಿಂದ ಎಂಟರ್ ಒತ್ತುತ್ತಾರೆ. ಮೌನ ಮುರಿಯಿತು, ಮಾಡೆಮ್ ಅಲ್ಲಾಡಲಿಲ್ಲ. ಸಿಟ್ಟಿನಿಂದ ಇನ್ನಷ್ಟು ಬೇಗ ಒತ್ತುತ್ತಾರೆ. ಅದು ಇನ್ನೂ ಅಲ್ಲಾಡುವುದಿಲ್ಲ. ಕೈಕಟ್ಟಿ ಕೂತರೆ ಮಾತ್ರ 'ಓಕೆ' ಎನ್ನುತ್ತದೆ. ಆಮೇಲೆ 'ಎಟಿಎಚ್0' ಎಂದರೆ ಫೋನ್ ಇಡುತ್ತದೆ.

ಹೆದರಿಂಗ್ಟನ್ ಹೆಸರಲ್ಲಿ 1985ರಲ್ಲಿ ಈ ಮೌನಕ್ಕೆ ಪೇಟೆಂಟ್ ಸಿಕ್ಕಿತು. ದುಡ್ಡು ಕೊಡಲೊಲ್ಲದ ಕೆಲವು ತಯಾರಕರು ಮೌನವಿಲ್ಲದ ಮಾಡೆಮ್ ಮಾಡಿದರು. ಇಂಟರ್ನೆಟ್ ಬಂದ ಮೇಲೆ ಕಿಡಿಗೇಡಿಗಳು ಅಂಥ ಮಾಡೆಮ್ ಇದ್ದವರಿಗೆ '+++ಎಟಿಎಚ್0' ಎಂಬ ಸಾಲು ತುಂಬಿದ ಪಿಂಗ್ ('ಇದ್ದೀಯಾ?' ಎಂದು ಕೇಳುವ ಪುಟ್ಟ ಸಂದೇಶ) ಕಳಿಸುತ್ತಿದ್ದರು. ಪಿಂಗ್ ಬಂದರೆ ಅದರಲ್ಲಿದ್ದುದನ್ನೇ ಹಿಂದಿರುಗಿಸುವುದು ಕಂಪ್ಯೂಟರಿನ ಸಂಸ್ಕಾರ. ಆ ಮರ್ಯಾದಸ್ಥ ಉತ್ತರ ತನ್ನದೇ ಮಾಡೆಮ್ ದಾಟುವಾಗ ಆಜ್ಞೆಯಾಗಿ, ಮಾಡೆಮ್ ಫೋನ್ ಇಟ್ಟುಬಿಡುತ್ತಿತ್ತು. 'ಎಟಿಎಸ್2=255' ಎಂದು ಕೊಟ್ಟರೆ ಮಾಡೆಮ್ +++ಗೆ ಕಿವಿಗೊಡುವುದನ್ನೇ ಬಿಡುತ್ತದೆ, ಈ ಕಾಟ ತಪ್ಪುತ್ತದೆ.

ಒಳಗೆ ಕೂರುವ ಮಾಡೆಮ್ ಕೇಬಲ್ಲಿನ ಪೀಡೆ ಕಳೆದು ಐಆರ್‌ಕ್ಯೂ ಎಂಬ ಪೀಡೆ ತಂದಿತು: ಒಂದು ಪೋರ್ಟು ಪ್ರೊಸೆಸರನ್ನು ಕರೆಯಲು ಬಾರಿಸುವ ಗಂಟೆಯ ನಂಬರು. ಸೀರಿಯಲ್ ಪೋರ್ಟುಗಳಾದ ಕಾಮ್1 ಮತ್ತು ಕಾಮ್3 ಎರಡಕ್ಕೂ ಐಆರ್‌ಕ್ಯೂ 4. ಕಾಮ್2 ಮತ್ತು ಕಾಮ್4ಕ್ಕೆ 3. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದಂತೆ. ಮೌಸ್ ಕಾಮ್1ರಲ್ಲಿ, ಮಾಡೆಮ್ ಕಾಮ್3ರಲ್ಲಿ ಇದ್ದರೆ ಎಲ್ಲ ಸುಸೂತ್ರ, ಮೌಸ್ ಮುಟ್ಟುವ ತನಕ. ಮುಟ್ಟಿದಿರೋ, ಸಂಪರ್ಕ ಢಮಾರ್, ಇಲ್ಲವೇ ಮೌಸ್ ನಿಂತಲ್ಲೇ ಕಲ್ಲು. ಸುಲಭದ ದಾರಿ: ಮಾಡೆಮ್ಮಿನ ಜಂಪರುಗಳನ್ನು (ಕಾರ್ಡಿನ ಮೇಲಿನ ಪುಟ್ಟ ಸೆಟ್ಟಿಂಗ್ ಕೊಂಡಿಗಳು) ಕಾಮ್2, ಐಆರ್‌ಕ್ಯೂ 3ಕ್ಕೆ ಇಟ್ಟು, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗಿನಲ್ಲಿ) ಅದರ ಸ್ವಂತ ಕಾಮ್2ನ್ನು ಮುಚ್ಚಬೇಕು. ಮುಚ್ಚುವುದನ್ನು ಮರೆತವರೇ ಹೆಚ್ಚು.

1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಈ ತಾಪತ್ರಯಗಳೆಲ್ಲ ನಮಗೂ ಇಡಿಯಾಗಿ ಬಂದವು, ಜೊತೆಗೆ ಎರಡು ಸ್ವದೇಶಿ ಸೇರ್ಪಡೆ. ಅಮೆರಿಕದ ಡಯಲ್ ಟೋನಿಗೆ ಕಿವಿ ಒಗ್ಗಿದ್ದ ಮಾಡೆಮ್ಮಿಗೆ ನಮ್ಮ ಟೋನ್ ಕೇಳಿದರೂ ಕೇಳಿಸದು; 'ನೋ ಡಯಲ್ ಟೋನ್' ಎಂದು ಹಟ ಹಿಡಿಯುತ್ತಿತ್ತು. 'ಎಟಿಎಕ್ಸ್3' ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಹಳೆಯ ಎಕ್ಸ್‌ಚೇಂಜಾದರೆ 'ಎಟಿಡಿಟಿ' ಬದಲು 'ಎಟಿಡಿಪಿ': ಟೋನ್ ಬಿಟ್ಟು ಪಲ್ಸ್, ಹಳೆಯ ತಿರುಗಿಸುವ ಡಯಲಿನಂತೆ.

ಇನ್ನು ಗುಡುಗಿನ ವಿಷಯ. ಗುಡುಗಿದ ಕೂಡಲೇ ಕರೆಂಟಿನ ಪ್ಲಗ್ ಕಿತ್ತು ನಿಶ್ಚಿಂತರಾದವರ ಮಾಡೆಮ್ ಮರುದಿನ ಸತ್ತಿರುತ್ತಿತ್ತು, ಏಕೆಂದರೆ ಸಿಡಿಲಿನ ಏಟು ಬರುವುದು ಫೋನ್ ತಂತಿಯಲ್ಲೂ. ಕೀಳಬೇಕಾದದ್ದು ಗೋಡೆಯಲ್ಲಿರುವ ಫೋನ್ ಪಿನ್ನನ್ನೂ ಸೇರಿಸಿ. ಏಟು ಮಾಡೆಮ್ ದಾಟಿ ಸೀರಿಯಲ್ ಪೋರ್ಟಿಗೆ ಬಂದರೆ ಮೊದಲು ಸುಡುವುದು 1488 ಮತ್ತು 1489 ಎಂಬ ಎರಡು ಅಗ್ಗದ ಚಿಪ್ಪು. ಹಳೆಯ ಕಾರ್ಡುಗಳಲ್ಲಿ ಅವು ಸಾಕೆಟ್ಟಿನ ಮೇಲೆ ಕೂತಿದ್ದರೆ ಕಿತ್ತು ಹೊಸದು ಒತ್ತಿದರಾಯಿತು. ಮದರ್‌ಬೋರ್ಡಿಗೇ ಬೆಸೆದಿದ್ದರೆ ಬೇರೊಂದು ಸೀರಿಯಲ್ ಕಾರ್ಡು ಕೊಳ್ಳಿ, ಮತ್ತು ಅದರ ಐಆರ್‌ಕ್ಯೂ ಎಷ್ಟೆಂದು ಅಂಗಡಿಯಲ್ಲೇ ಕೇಳಿಕೊಳ್ಳಿ.