ಕರಿದ ಪಾಟೆ, ನೀಲಿ ಮೆಟ್ರೋ

ಕೆನಡಾದ ಮಾಂಟ್ರಿಯಲ್‌ನ ನೀಲಿ ಮೆಟ್ರೋ ಹತ್ತಿ ಪಾರ್ಕ್‌ ಸ್ಟೇಷನ್ನಿನಿಂದ ಸೇಂಟ್‌ ಮಿಷೆಲ್‌ವರೆಗೆ ಹೋಗಿ ಬಂದ ಮೇಲೂ ಏನಾದರೂ ತಿನ್ನಬೇಕು ಅನಿಸದವರಿಗೆ ನೆಗಡಿ ಆಗಿರಬೇಕು. ಪಾರ್ಕ್‌ ಸುತ್ತಮುತ್ತ ನಮ್ಮ ಕಡೆಯವರ ಅಂಗಡಿಗಳು. ಕರಿಬೇವು, ಲವಂಗ, ಒಣಮೆಣಸಿನಕಾಯಿ ಎಲ್ಲ ಇಲ್ಲೇ. ಎರಡು ಸ್ಟೇಷನ್‌ ಮುಂದೆ ಹೋದರೆ ಜಾನ್‌ ತಾಲೋನ್‌. 1933ರಲ್ಲಿ ಶುರುವಾದ ದೊಡ್ಡ ಮಾರ್ಕೆಟ್ಟು, ಪಕ್ಕದಲ್ಲೇ ಲಿಟಲ್‌ ಇಟಲಿ. ಲೈನ್‌ ಮುಗಿಯುವುದು ಸೇಂಟ್‌ ಮಿಷೆಲ್‌ನಲ್ಲಿ. ಅದು ಕೆರಿಬಿಯನ್ ಸಮುದ್ರದ ಹೈಟಿ ದೇಶದವರ ಏರಿಯಾ. ಅದಕ್ಕೆ ಅಂಟಿಕೊಂಡ ಸೇಂಟ್‌ ಲಿಯೊನಾರ್ಡ್‌ ಮತ್ತೆ ಇಟಾಲಿಯನ್ನರದು. ಇಟಾಲಿಯನ್ನರು ಹೆಚ್ಚಾಗಿ ಎರಡನೇ ಮಹಾಯುದ್ಧದ ನಂತರ ಬಡತನ ಬಿಟ್ಟು ಬಂದವರು. ಹೈಟಿಯವರು 1960ರ ದಶಕದಿಂದ ಅಲ್ಲಿನ ಡುವಾಲಿಯೇ ಕುಟುಂಬದ ಸರ್ವಾಧಿಕಾರ ತಾಳಲಾರದೆ ಬಂದವರು. ಫ್ರೆಂಚ್‌ ಗೊತ್ತಿದ್ದವರಿಗೆ ಈ ಊರು ಅನುಕೂಲ. ಇಷ್ಟು ಹತ್ತಿರ ಮನೆ ಮಾಡಿದ ಮೇಲೆ ಇಬ್ಬರ ತಿಂಡಿಯೂ ಒಂದು ದಿನ ಒಂದೇ ಬಾಣಲೆಗೆ ಬೀಳಬೇಕಲ್ವಾ?

ನಮ್ಮ ಮನೆಯಲ್ಲಿ ಬಿದ್ದಿದೆ. ಹೈಟಿಯವರ ಪಾಟೆ ಕೋಡೆ ಅಂದರೆ ಮೈದಾಹಿಟ್ಟಿನ ತೆಳು ಹಾಳೆಯೊಳಗೆ ಕೊಚ್ಚಿದ ಮಾಂಸ ಅಥವಾ ಹೊಗೆ ಹಾಕಿದ ಹೆರಿಂಗ್‌ ಮೀನು, ಎಲೆಕೋಸು, ಬೇಯಿಸಿದ ಮೊಟ್ಟೆ ಇಟ್ಟು, ಮಡಚಿ ಕರಿದದ್ದು. ಬೀದಿ ಬದಿ ಹೆಂಗಸರು ಎಣ್ಣೆಯಿಂದ ತೆಗೆದು ಬಿಸಿಬಿಸಿ ಕೊಡುವ ತಿಂಡಿ. ಇಟಲಿಯ ಪುಲಿಯಾ ಕಡೆಯ ಪಾಂಜೆರೊಟ್ಟಿಗೆ ಹುದುಗು ಬಂದ ಹಿಟ್ಟು, ಒಳಗೆ ಟೊಮೆಟೊ, ಮೊಝರೆಲ್ಲಾ. ನೇಪಲ್ಸ್‌ನಲ್ಲಿ ಪಿಜ್ಜಾವನ್ನೇ ಮಡಚಿ ಕರಿಯುತ್ತಾರೆ. ಯುದ್ಧ ಮುಗಿದ ಮೇಲೆ ಒಲೆಗೂ ಕಾಸಿಗೂ ಬರ ಬಂದಾಗ ಅಲ್ಲಿನ ಹೆಂಗಸರು ಮನೆ ಮುಂದೆಯೇ ಬಾಣಲೆ ಇಟ್ಟು ಇದನ್ನು ಮಾರಿದರು. ಇವತ್ತು ತಿನ್ನಿ, ಎಂಟು ದಿನ ಬಿಟ್ಟು ದುಡ್ಡು ಕೊಡಿ ಅನ್ನುವ ಉದ್ರಿ ಲೆಕ್ಕ ಬೇರೆ. ಆಕಾರ ನೋಡಿದರೆ ಎಲ್ಲವೂ ನಮ್ಮ ಕರ್ಜಿಕಾಯಿ ಕುಲದವೇ. ಒಳಗಿನ ಕೊಬ್ಬರಿ ಸಕ್ಕರೆ ಹೋಗಿ ಮಾಂಸ ಬಂದಿದೆ, ಅಷ್ಟೇ.

ಆದರೆ ಬೆರಕೆ ಅಡುಗೆ ಅಂದ ಕೂಡಲೇ ನನಗೆ ಸ್ವಲ್ಪ ಭಯ. ಹೋಟೆಲುಗಳಲ್ಲಿ ಈ ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ತಟ್ಟೆಗೆ ಸುರಿಯುತ್ತಾರೆ. ಯಾವ ರುಚಿಯೂ ನಾಲಿಗೆಗೆ ನಿಲ್ಲುವುದಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ. ಅದಕ್ಕೇ ನಾನು ಪಾಲು ಮಾಡಿಬಿಟ್ಟಿದ್ದೇನೆ. ಹಿಟ್ಟು ಇಟಲಿಯದು, ಮಸಾಲೆ ಹೈಟಿಯದು. ಗಡಿ ದಾಟಲು ಒಂದೊಂದು ಪದಾರ್ಥಕ್ಕೆ ಮಾತ್ರ ಪರ್ಮಿಷನ್ನು.

ಹಿಟ್ಟಿನೊಳಗೆ ಹೀಗೆ ಗಡಿ ದಾಟಿದ್ದು ರಮ್ಮು. ಇಟಲಿಯ ಸಿಸಿಲಿ ಕಡೆಯ ಕನ್ನೋಲಿ, ಅಂದರೆ ಸಿಹಿ ತುಂಬಿದ ಕರಿದ ಕೊಳವೆ, ಅದರ ಚಿಪ್ಪಿನ ಹಿಟ್ಟಿಗೆ ಮರ್ಸಾಲಾ ವೈನ್‌ ಹಾಕುವುದು ಹಳೇ ಪದ್ಧತಿ. ಮದ್ಯ ಹಿಟ್ಟಿನ ಜಿಗುಟನ್ನು ಕಡಿಮೆ ಮಾಡುತ್ತದೆ. ಬಿಸಿ ಎಣ್ಣೆಯಲ್ಲಿ ಬೇಗ ಆವಿಯಾಗಿ ಮೇಲೆಲ್ಲ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಆ ಜಾಗಕ್ಕೆ ನಾನು ಎರಡು ಚಮಚ ಹೈಟಿಯ ಬಾರ್ಬನ್‌ಕೂರ್‌ ರಮ್‌ ಹಾಕುತ್ತೇನೆ. 1862ರಿಂದ ಇರುವ ಕಂಪನಿ. ಬೆಲ್ಲದ ಮಡ್ಡಿಯಿಂದಲ್ಲ, ನೇರ ಕಬ್ಬಿನ ಹಾಲಿನಿಂದಲೇ ಇಳಿಸುವ ರಮ್‌. ಅರ್ಧ ಕೆಜಿ ಮೈದಾ, ಉಪ್ಪು, ಆಲಿವ್‌ ಎಣ್ಣೆ, ತಣ್ಣೀರು, ಈ ರಮ್ಮು. ಈಸ್ಟ್‌ ಬೇಡ. ಹುದುಗಿನ ಹಿಟ್ಟು ಎಣ್ಣೆ ಜಾಸ್ತಿ ಕುಡಿಯುತ್ತದೆ, ಮಾಂಸದ ಮುಂದೆ ಬ್ರೆಡ್ಡೇ ಜಾಸ್ತಿ ಅನಿಸುತ್ತದೆ. ಪುಲಿಯಾದವರು ಜಗಳಕ್ಕೆ ಬರಲಿ, ಪರವಾಗಿಲ್ಲ.

ಮಸಾಲೆ ಎಪೀಸ್‌. ಹೈಟಿಯ ಅಡುಗೆಮನೆಯಲ್ಲಿ ಇದಿಲ್ಲದೆ ಬೆಳಗಾಗುವುದಿಲ್ಲ. ಪಾರ್ಸ್ಲಿ, ಥೈಮ್‌, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ, ಲವಂಗ, ನಿಂಬೆರಸ ಸೇರಿಸಿ ಮರದ ಒರಳಲ್ಲಿ ಕುಟ್ಟುತ್ತಾರೆ. ಮಿಕ್ಸಿಯೂ ಆಗುತ್ತದೆ, ಆದರೆ ತೀರಾ ನುಣ್ಣಗೆ ಬೇಡ. ಮಾಂಸವನ್ನು ಮೊದಲು ನಿಂಬೆ ಇಲ್ಲವೇ ಹುಳಿ ಕಿತ್ತಳೆ ರಸ ಹಾಕಿ ಉಜ್ಜಿ ತೊಳೆಯುತ್ತಾರೆ. ಇದು ಕೇಳಿದರೆ ಇಲ್ಲಿನ ಟೀವಿ ಅಡುಗೆಯವರು ಹುಬ್ಬು ಗಂಟಿಕ್ಕುತ್ತಾರೆ. ಅರಿಶಿನ ಉಪ್ಪು ಹಾಕಿ ತೊಳೆದ ಮಾಂಸವನ್ನೇ ತಿಂದು ಬೆಳೆದ ನಮಗೆ ಇದರಲ್ಲೇನು ವಿಶೇಷ? ದನದ ಮಾಂಸ, ಹಂದಿಮಾಂಸ ಅರ್ಧರ್ಧ ಕೊಚ್ಚಿಸಿ, ಎಪೀಸ್‌ ಕಲಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಮಾರನೇ ದಿನ ಟೊಮೆಟೊ ಪೇಸ್ಟ್‌ ಹಾಕಿ ನೀರು ಪೂರ್ತಿ ಆರುವವರೆಗೆ ಹುರಿಯಬೇಕು. ಟೊಮೆಟೊ ಇಬ್ಬರಿಗೂ ಸೇರಿದ್ದು, ತಕರಾರಿಲ್ಲ.

ತಕರಾರು ಬರುವುದು ಚೀಸಿಗೆ. ಮೊಝರೆಲ್ಲಾ ನೀರು ಬಿಡುತ್ತದೆ, ಒಳಗಿನಿಂದಲೇ ಪಾಟೆಯನ್ನು ಒಡೆಯುತ್ತದೆ. ಪಾರ್ಮೆಸಾನ್‌ ಒಣ ಚೀಸು, ಉಪ್ಪು, ಹದ. ಆರಿದ ಮಾಂಸಕ್ಕೆ ಒಂದು ಹಿಡಿ ತುರಿದು ಸೇರಿಸಿದರೆ ಸಾಕು. ಹೆರಿಂಗ್‌ ಹಾಕುವವರು ಮಾತ್ರ ಚೀಸ್‌ ಮುಟ್ಟಬಾರದು. ಮೀನಿಗೆ ಚೀಸ್‌ ಬೆರೆಸಿದರೆ ಎಷ್ಟೋ ಇಟಾಲಿಯನ್ನರು ಊಟ ಬಿಟ್ಟು ಏಳುತ್ತಾರೆ.

ಖಾರದ ಬಗ್ಗೆ ಸುಮ್ನೆ ಒಂದು ಮಾತು. ಹೈಟಿಯವರ ಪಿಮಾ ಬೂಕ್‌ ಮೆಣಸಿನಕಾಯಿ ಸ್ಕಾಚ್‌ ಬಾನೆಟ್‌ ಜಾತಿಯದು. ಸ್ಕೋವಿಲ್‌ ಲೆಕ್ಕದಲ್ಲಿ, ಅಂದರೆ ಖಾರ ಅಳೆಯುವ ಲೆಕ್ಕದಲ್ಲಿ, 1 ಲಕ್ಷದಿಂದ 3.5 ಲಕ್ಷ. ನಮ್ಮ ಬ್ಯಾಡಗಿ ಇದರ ಮುಂದೆ ಬರೀ ಬಣ್ಣದ ಪುಡಿ. ಖಾರಕ್ಕೆ ಇಟಲಿಯ ಕಲಾಬ್ರಿಯಾದವರೂ ಹೆಸರುವಾಸಿ, ಅದನ್ನು ತಮ್ಮ ಸೊತ್ತು ಅಂತಲೇ ಹೇಳುತ್ತಾರೆ. ಆದರೆ ಜಿನೋವಾದ ಕೊಲಂಬಸ್‌ 1492ರ ಡಿಸೆಂಬರ್‌ 6ರಂದು ಇಂದಿನ ಹೈಟಿಯ ತೀರ ಮುಟ್ಟುವ ಹೊತ್ತಿಗೆ ಇಟಲಿಯಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಮುಂದಿನ ತಿಂಗಳು ಅದೇ ದ್ವೀಪದ ಮೆಣಸಿನಕಾಯಿಯನ್ನು ಕಂಡು, ಇದು ಕರಿಮೆಣಸಿಗಿಂತ ಮೇಲು ಅಂತ ತನ್ನ ದಿನಚರಿಯಲ್ಲಿ ಬರೆದ. ಕರಿಮೆಣಸು ಹುಡುಕಿಕೊಂಡು ನಮ್ಮ ದೇಶಕ್ಕೆ ಹೊರಟು ದಾರಿ ತಪ್ಪಿದವನು ಪಾಪ, ಇನ್ನೇನು ಬರೆದಾನು! ಅಮೆರಿಕ ಖಂಡದ ಮೆಣಸಿನಕಾಯಿ ನಮಗೆ ಬಂದದ್ದೂ ಆಮೇಲೆಯೇ, ಪೋರ್ಚುಗೀಸರ ಹಡಗಿನಲ್ಲಿ. ಹಾಗಾಗಿ ಪಾಟೆಯಲ್ಲಿ ಖಾರ ಎಷ್ಟಿರಬೇಕು ಅನ್ನುವುದನ್ನು ಹೈಟಿಯವರೇ ಹೇಳಲಿ.

ಇನ್ನು ಕರಿಯುವುದು. ಹಿಟ್ಟು ಅರ್ಧ ಗಂಟೆ ನೆನೆದಿರಬೇಕು, ಹೂರಣ ತಣ್ಣಗಿರಬೇಕು. ಅಂಚನ್ನು ಫೋರ್ಕಿನಿಂದ ಒತ್ತಿ, ಎಣ್ಣೆ 175 ಡಿಗ್ರಿಗೆ ಕಾದ ಮೇಲೆ ಒಂದು ಸಲಕ್ಕೆ ಮೂರು ಬಿಡಿ. ಜೊತೆಗೆ ಪಿಕ್ಲೀಸ್‌ ಇರಲೇಬೇಕು. ಎಲೆಕೋಸು, ಕ್ಯಾರೆಟ್‌, ಆ ಖಾರದ ಮೆಣಸಿನಕಾಯಿ, ಎಲ್ಲ ವಿನೆಗರಿನಲ್ಲಿ ನೆನೆದದ್ದು. ಇಟಲಿಯ ಜಾರ್ದಿನಿಯೇರಾ ಉಪ್ಪಿನಕಾಯಿಯಲ್ಲಿ ಹೂಕೋಸು ಇದೆ, ಧೈರ್ಯ ಇಲ್ಲ.

ಇದೆಲ್ಲ ಹೊಸ ಐಡಿಯಾ ಅಂತ ನಾನು ಜಂಬ ಪಡುವ ಹಾಗಿಲ್ಲ. ಹೈಟಿಯಲ್ಲಿ ಬೆಳಗಿನ ತಿಂಡಿಗೇ ಸ್ಪಗೆಟಿ ತಿನ್ನುತ್ತಾರೆ, ಹೆರಿಂಗ್‌ ಅಥವಾ ಸಾಸೇಜ್‌ ಹಾಕಿ, ಮೇಲೆ ಕೆಚಪ್‌ ಸುರಿದು. ಸ್ವಾತಂತ್ರ್ಯ ಸಿಕ್ಕ 1804ರ ಜನವರಿ 1ರ ನೆನಪಿಗೆ ಪ್ರತಿ ವರ್ಷ ಮಾಡುವ ಕುಂಬಳಕಾಯಿ ಸೂಪು, ಸೂಪ್‌ ಜೂಮೂ, 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅದರಲ್ಲೂ ಪಾಸ್ತಾ ತೇಲುತ್ತಿರುತ್ತದೆ. ಇಟಲಿ ಅವರ ಪಾತ್ರೆಗೆ ಯಾವತ್ತೋ ಇಳಿದಾಗಿದೆ. ನಾನು ಬಾಣಲೆ ಬದಲಾಯಿಸಿದೆ, ಅಷ್ಟೇ.

ಮುಂದಿನ ಹೂರಣ ಒಣಗಿಸಿದ ಕಾಡ್‌ ಮೀನು. ನೇಪಲ್ಸ್‌ನವರಿಗೂ ಅದು ಹಬ್ಬದ ಅಡುಗೆ, ಹೈಟಿಯವರಿಗೂ ಪಾಟೆಗೆ ಪ್ರೀತಿಯದು. ಒಂದು ದಿನ ಪೂರ್ತಿ ನೀರು ಬದಲಾಯಿಸುತ್ತ ಉಪ್ಪು ಬಿಡಿಸಬೇಕು. ಒಣಮೀನಿನ ವಾಸನೆ ಗೊತ್ತಿರುವವರಿಗೆ ಆ ದಿನ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಮನೆಯ ಸಸ್ಯಾಹಾರಿಗಳು ಊರಿಗೆ ಹೋಗಲಿ ಅಂತ ಕಾಯುತ್ತಿದ್ದೇನೆ.