ಅದು ಸಾಯುವ ಮುನ್ನ ಹಾಡಿದ ಹಾಡಲ್ಲ

ಹವಾಯಿಯ ಗಾಯಕ ಇಸ್ರೇಲ್ ಕಮಕವಿವೊಓಲೆ ಉಕುಲೆಲೆ (ಪುಟ್ಟ ಗಿಟಾರ್‌ನಂಥ ವಾದ್ಯ) ಹಿಡಿದು ಹಾಡಿದ 'ಓವರ್ ದಿ ರೇನ್‌ಬೋ' ಇದೆಯಲ್ಲ, ಅದನ್ನು ಅವರು ಸಾವು ಹತ್ತಿರ ಬಂತೆಂದು ಗೊತ್ತಾಗಿ ವಿದಾಯಕ್ಕೆ ಹಾಡಿದರು ಅಂತ ಒಂದು ಮಾತು ಓಡಾಡುತ್ತಿದೆ. ಅದು ತಪ್ಪು. ಹಾಡು ರೆಕಾರ್ಡ್ ಆಗಿದ್ದು 1988ರಲ್ಲಿ, ಹೊನೊಲುಲುವಿನ ಒಂದು ಸ್ಟುಡಿಯೋದಲ್ಲಿ, ಬೆಳಗಿನ ಜಾವ ಮೂರರ ಸುಮಾರಿಗೆ. ಬಂದರು, ಕೂತರು, ಒಂದೇ ಟೇಕ್‌ನಲ್ಲಿ ಮುಗಿಸಿದರು. ಆ ಟೇಪ್ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು, ಆಮೇಲೆ 1993ರ 'ಫೇಸಿಂಗ್ ಫ್ಯೂಚರ್' ಆಲ್ಬಮ್‌ಗೆ ಸೇರಿತು. ಅವರು ತೀರಿಕೊಂಡಿದ್ದು 1997ರ ಜೂನ್‌ನಲ್ಲಿ, 38ನೇ ವಯಸ್ಸಿಗೆ. ಅಂದರೆ ಹಾಡಿ ಒಂಬತ್ತು ವರ್ಷದ ಮೇಲೆ. ಈ ಹಾಡಿನ ವಿಡಿಯೋದಲ್ಲಿ ಅವರ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡುವ ದೃಶ್ಯ ಇದೆ, ಗೊಂದಲ ಅಲ್ಲಿಂದಲೇ ಹುಟ್ಟಿರಬೇಕು. ಶುರುವಿನ ಆ ಮೆಲ್ಲನೆಯ 'ಊ' ಕೇಳಿ ನೋಡಿ, ನೆಮ್ಮದಿಯಾಗಿ ಕೂತು ಹಾಡಿದ ದನಿ ಅದು, ಅಲ್ವಾ?