ಮೂರು ಗಂಟೆಯ ಗಿರಾಕಿ

ನಮ್ಮ ಕಡೆ ‘ಹೋಟೆಲಿಗೆ ಹೋಗಿ ಬರ್ತೇನೆ’ ಅಂದರೆ ಎರಡು ಬನ್ಸ್ ತಿಂದು ಕಾಫಿ ಕುಡಿದು ಬರುತ್ತೇನೆ ಎಂದು ಅರ್ಥ. ಮಲಗುವುದಕ್ಕೆ ಇರುವುದು ಲಾಡ್ಜ್. ಎರಡೂ ಒಂದೇ ಕಡೆ ಇದ್ದರೆ ಬೋರ್ಡಿಂಗ್ ಎಂಡ್ ಲಾಡ್ಜಿಂಗ್. ಕಳೆದ ತಿಂಗಳು ನಾನು ‘ಇವತ್ತು ರಾತ್ರಿ ಮಂಗಳೂರಿನ ಹೋಟೆಲಿನಲ್ಲಿ ಇರುವುದು’ ಎಂದಾಗ ಅಪ್ಪಯ್ಯ ಕೇಳಿದ್ದು, ‘ರಾತ್ರಿಯಿಡೀ ಹೋಟೆಲಲ್ಲಿ ಕೂತ್ಕಂಡ್ ಎಂತ ಮಾಡುದ್ ಮಾಣಿ?’

ಗೊತ್ತಿಲ್ಲದೆ ಕೇಳಿದ್ದಲ್ಲ. ಅಪ್ಪಯ್ಯನಿಗೆ 79 ವರ್ಷ. ಅದರಲ್ಲಿ ನಲವತ್ತೆಂಟು ವರ್ಷ ಮುಂಬೈಯ ಹೋಟೆಲುಗಳಲ್ಲೇ ಕಳೆದವರು. 1959ರಲ್ಲಿ ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು ಮಾಟುಂಗಕ್ಕೆ ಹೋದಾಗ ಅವರಿಗೆ ಹದಿಮೂರು. ಮೊದಲು ಮೇಜು ಒರೆಸುವ ಕ್ಲೀನರ್, ಆಮೇಲೆ ಬಡಿಸುವ ಮಾಣಿ, ಆಮೇಲೆ ಗಲ್ಲೆಯಲ್ಲಿ ಕೂತವರು, ಕೊನೆಗೆ ಚೆಂಬೂರಿನಲ್ಲಿ ಒಂಬತ್ತು ಮೇಜಿನ ಸ್ವಂತ ಹೋಟೆಲು. (ನಮ್ಮಲ್ಲಿ ಮಗನೂ ಮಾಣಿಯೇ, ಹೋಟೆಲಿನಲ್ಲಿ ನೀರು ತಂದಿಡುವವನೂ ಮಾಣಿಯೇ. ಅಪ್ಪಯ್ಯ ಕರೆದಾಗ ಯಾವ ಅರ್ಥದಲ್ಲಿ ಓಗೊಡಬೇಕೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ.)

ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ತಂಗಿಯ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಬಜಪೆಯಿಂದ ಬೆಳಿಗ್ಗೆ ಆರೂ ಚಿಲ್ಲರೆಗೆ ವಿಮಾನ. ನಮ್ಮೂರು ಸಾಲಿಗ್ರಾಮದಿಂದ ಬಜಪೆಗೆ ಹತ್ತಿರ ಹತ್ತಿರ 80 ಕಿಲೋಮೀಟರ್. ಮನೆಯಿಂದಲೇ ಹೊರಡುವುದಾದರೆ ರಾತ್ರಿ ಎರಡಕ್ಕೆ ಕಾರು ಹತ್ತಬೇಕು. ಗಲ್ಫಿಗೆ ಹೋಗುವವರ ಮನೆಗಳಲ್ಲಿ ಇದು ಮಾಮೂಲು. ಹೋಗುವವ ಒಬ್ಬ, ಬಿಡಲು ಬರುವವರು ಏಳು ಜನ, ಅದರಲ್ಲಿ ಇಬ್ಬರು ಮಕ್ಕಳು ನಿದ್ದೆಯಲ್ಲಿ, ಒಬ್ಬರಿಗೆ ಮುಲ್ಕಿ ದಾಟುವುದರೊಳಗೆ ವಾಂತಿ. ಅಪ್ಪಯ್ಯನ ಮಂಡಿ ಅದಕ್ಕೆಲ್ಲ ಒಪ್ಪುವುದಿಲ್ಲ. ಹಾಗಾಗಿ ‘ವಿಮಾನ ನಿಲ್ದಾಣಕ್ಕೆ ಹತ್ತಿರ’ ಎಂದು ಆ್ಯಪ್‌ನಲ್ಲಿ ಬರೆದುಕೊಂಡಿದ್ದ ದೊಡ್ಡದೊಂದು ಬಿಸಿನೆಸ್ ಹೋಟೆಲಿನಲ್ಲಿ ರೂಮು ಹಿಡಿದೆ. ಹೆಸರು ಬೇಡ. ನನ್ನ ದೂರು ಆ ಒಂದು ಹೋಟೆಲಿನ ಮೇಲಲ್ಲ.

ಹತ್ತಿರ ಅಂದರೆ ಕಾರಿನಲ್ಲಿ 25 ನಿಮಿಷ. ಇದಕ್ಕೆ ಹೋಟೆಲಿನವರನ್ನು ಬೈದು ಪ್ರಯೋಜನವಿಲ್ಲ. ಬಜಪೆ ನಿಲ್ದಾಣ ಊರಿನಿಂದ ಸುಮಾರು 13 ಕಿಲೋಮೀಟರ್ ಆಚೆ ಗುಡ್ಡದ ತಲೆಯ ಮೇಲಿದೆ. 1951ರ ಡಿಸೆಂಬರ್ 25ಕ್ಕೆ ನೆಹರೂ ಬಂದಿಳಿದು ಉದ್ಘಾಟನೆಯಾದಾಗ ಅಪ್ಪಯ್ಯನಿಗೆ ಐದು ವರ್ಷ. ಅವರು ಸ್ವತಃ ವಿಮಾನ ಹತ್ತಲು ಅರವತ್ತಾಗಬೇಕಾಯಿತು. 2006ರಲ್ಲಿ ಬಂದ 2,450 ಮೀಟರಿನ ಎರಡನೇ ರನ್‌ವೇ ಕೂಡ ಗುಡ್ಡ ಸಮತಟ್ಟು ಮಾಡಿ ಕಟ್ಟಿದ್ದೇ. 2010ರ ಮೇ 22ರ ವಿಮಾನ ದುರಂತದ ನಂತರ ‘ಟೇಬಲ್‌ಟಾಪ್’ ಎಂಬ ಶಬ್ದ ಇಲ್ಲಿ ಮೀನು ಮಾರುವವರ ಬಾಯಿಗೂ ಬಂತು. ಅಂಥ ಜಾಗದ ಸುತ್ತ ದೇವನಹಳ್ಳಿಯಲ್ಲಿದ್ದಂತೆ ಬಯಲೆಲ್ಲಿದೆ, ಸಾಲುಸಾಲಾಗಿ ಹೋಟೆಲು ಏಳಲು? ಕೆಳಗೆ ಫಲ್ಗುಣಿ ಹೊಳೆ, ಅದಕ್ಕೊಂದು ಮರವೂರು ಸೇತುವೆ. 2021ರ ಮಳೆಗಾಲದಲ್ಲಿ ಆ ಸೇತುವೆ ಕುಸಿದಾಗ ಮಂಗಳೂರಿನವರು ಸುತ್ತಿ ಬಳಸಿ ವಿಮಾನ ಹಿಡಿಯಬೇಕಾಗಿತ್ತು. ಆದ್ದರಿಂದ ನಮ್ಮಲ್ಲಿ ‘ಏರ್‌ಪೋರ್ಟ್ ಹತ್ತಿರ’ ಅಂದರೆ ಏರ್‌ಪೋರ್ಟಿನ ದಿಕ್ಕಿನಲ್ಲಿ ಎಂದು ಓದಿಕೊಳ್ಳಬೇಕು, ಅಷ್ಟೆ.

ರಾತ್ರಿ ಎಂಟೂವರೆಗೆ ತಲುಪಿದೆವು. ಲಾಬಿಯಲ್ಲಿ ಯಾವುದೋ ಔಷಧಿ ಕಂಪನಿಯ ಬ್ಯಾನರು, ಕೊರಳಿಗೆ ಪಟ್ಟಿ ನೇತುಹಾಕಿಕೊಂಡ ಸುಮಾರು ಇನ್ನೂರು ಜನ. ಆಧಾರ್ ಕಾರ್ಡು ಕೊಟ್ಟು, ಫಾರಂ ತುಂಬಿ, ಐದನೇ ಮಹಡಿಗೆ ಹೋದೆವು. ರೂಮು ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಪ್ಪ ಪರದೆ, ಸೊಳ್ಳೆ ಇಲ್ಲ, ಸದ್ದಿಲ್ಲ, ಹಾಸಿಗೆಯ ಚಾದರಕ್ಕೆ ಒಂದು ಸುಕ್ಕಿಲ್ಲ. ಅಪ್ಪಯ್ಯ ಚಾದರದ ಮೂಲೆ ಎತ್ತಿ, ಮಡಿಕೆ ಹೇಗೆ ಹಾಕಿದ್ದಾರೆಂದು ನೋಡಿ, ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಅದು ಪದ್ಮಶ್ರೀ ಕೊಟ್ಟಹಾಗೆ.

ಆಮೇಲೆ ಬಚ್ಚಲು ಕಂಡರು.

ಈ ಬಿಸಿನೆಸ್ ಹೋಟೆಲುಗಳಿಗೆ ಬಚ್ಚಲಿಗೆ ಗಾಜಿನ ಗೋಡೆ ಹಾಕುವ ಹುಚ್ಚು ಯಾರು ಹಿಡಿಸಿದರೋ! ಮಂಚದ ಮೇಲೆ ಕೂತವನಿಗೆ ಒಳಗೆ ಮೀಯುವವನು ಅಡಿಯಿಂದ ಮುಡಿವರೆಗೆ ಕಾಣಬೇಕು. ರೂಮು ದೊಡ್ಡದಾಗಿ ಕಾಣುತ್ತದಂತೆ. ಒಬ್ಬನೇ ಬರುವ ಸೇಲ್ಸ್ ಮ್ಯಾನೇಜರನಿಗೆ ಸರಿ. ಐವತ್ತಮೂರರ ಮಗ ಮತ್ತು ಎಪ್ಪತ್ತೊಂಬತ್ತರ ಅಪ್ಪ ಒಂದೇ ರೂಮಿನಲ್ಲಿ ಇರುವಾಗ? ಅಪ್ಪಯ್ಯ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿ, ‘ಇದೆಂತ ಮಾಣಿ, ಮೀನ್ ಸಾಕುವ ಪೆಟ್ಟಿಗೆಯಾ?’ ಎಂದರು. ಒಳಗಡೆ ಇಳಿಬಿಡುವ ಪರದೆ ಎಲ್ಲೋ ಇದ್ದೇ ಇರುತ್ತದೆ, ಅದರ ಗುಂಡಿ ಮಾತ್ರ ಮಂಚದ ಪಕ್ಕದಲ್ಲಿ, ಓದುವ ದೀಪದ ಮತ್ತು ರಾತ್ರಿದೀಪದ ಗುಂಡಿಗಳ ನಡುವೆ. ಹುಡುಕಲು ಹತ್ತು ನಿಮಿಷ. ಆಮೇಲೆ ಬಕೆಟ್ ಮತ್ತು ಚೊಂಬಿಗೆ ಫೋನು. ಅದು ಬರಲು ಇಪ್ಪತ್ತು ನಿಮಿಷ. ಮೇಲಿನಿಂದ ಸುರಿಯುವ ನೀರಿನಲ್ಲಿ ಮಿಂದರೆ ಮಿಂದಹಾಗೆ ಆಗುವುದಿಲ್ಲ ಎನ್ನುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಕೇಳದೆಯೇ ಒಂದು ಬಕೆಟ್ ಇಟ್ಟರೆ ಯಾವ ಸ್ಟಾರು ಉದುರಿಹೋಗುತ್ತದೆ?

ಊಟಕ್ಕೆ ಕೆಳಗೆ ಹೋದರೆ ಬಫೆ. ‘ಕೋಸ್ಟಲ್ ಸ್ಪೆಷಲ್’ ಎಂಬ ಚೀಟಿಯ ಹಿಂದೆ ನೀರುದೋಸೆ, ಪಕ್ಕದಲ್ಲಿ ‘ಉಡುಪಿ ಸಾಂಬಾರ್’. ಅಪ್ಪಯ್ಯ ಒಂದು ಸೌಟು ಹಾಕಿಕೊಂಡು ನಾಲಗೆಗೆ ಮುಟ್ಟಿಸಿ, ‘ಬೆಲ್ಲ ಹಾಕಿದ್ರೆ ಉಡುಪಿ ಆತ್ತ್ ಅಂದೇಳಿ ಯಾರೋ ಹೇಳಿರ್ ಕಾಣತ್ತ್’ ಎಂದರು. ಮೂರು ನೀರುದೋಸೆ ತಿಂದು ಮೊಸರನ್ನಕ್ಕೆ ಹೋದರು. ಆ ನೀರುದೋಸೆ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ಕಾವಲಿಯ ಮುಂದೆ ನಿಂತಿದ್ದ ಹುಡುಗ ಅಸ್ಸಾಮಿನವನು.

ಇಲ್ಲಿಂದ ನಮ್ಮ ಊಟ ನಿಂತಿತು, ಅಪ್ಪಯ್ಯನ ವಿಚಾರಣೆ ಶುರುವಾಯಿತು. ತಮ್ಮ ಬಂಬಯಿ ಹಿಂದಿಯಲ್ಲಿ, ಯಾವ ಊರು, ಬಂದು ಎಷ್ಟು ದಿನ, ಸಂಬಳ ಎಷ್ಟು, ಮನೆಗೆ ಎಷ್ಟು ಕಳಿಸುತ್ತಿ, ರಾತ್ರಿ ಎಲ್ಲಿ ಮಲಗುತ್ತಿ. ಹುಡುಗ ಮೊದಲು ಗಾಬರಿಯಾದ, ಆಮೇಲೆ ಹೇಳಿದ. ಬಂದು ಎರಡು ವರ್ಷ. ಬಾಡಿಗೆ ರೂಮಿನಲ್ಲಿ ಆರು ಜನ. ನೀರುದೋಸೆ ಕಲಿಸಿದ್ದು ಕಾರ್ಕಳದ ಒಬ್ಬ ಹಿರಿಯ ಅಡುಗೆಯವರು. ಅಪ್ಪಯ್ಯ ತಮ್ಮ ಕಾಲದ್ದು ಹೇಳಿದರು: ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ, ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗುವುದು, ಸಂಜೆ ಎರಡು ಗಂಟೆ ಮಾಲಕರು ಬಿಟ್ಟರೆ ಕನ್ನಡ ರಾತ್ರಿಶಾಲೆ. ಮುಂಬೈಯಲ್ಲಿ ಹೋಟೆಲ್ ಮಾಣಿಗಳು ಓದಿ ಬ್ಯಾಂಕಿಗೆ, ವಕೀಲಿಗೆ ಹೋದದ್ದು ಆ ಶಾಲೆಗಳಿಂದ. ‘ಇಲ್ಲಿ ಅಂಥದ್ದು ಉಂಟಾ?’ ಎಂದು ನನ್ನನ್ನು ಕೇಳಿದರು. ಮಂಗಳೂರಿನಲ್ಲಿ ಕಾಲೇಜುಗಳಿಗೆ ಲೆಕ್ಕವಿಲ್ಲ, ಮಣಿಪಾಲದಲ್ಲಿ 1986ರಿಂದ ದೊಡ್ಡದೊಂದು ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆಯೇ ಇದೆ. ಆದರೆ ಅಸ್ಸಾಮಿನಿಂದ ಬಂದು ದೋಸೆ ಎರೆಯುವ ಹುಡುಗ ರಾತ್ರಿ ಹೋಗಿ ಕೂರಬಹುದಾದ ಒಂದು ಬೆಂಚು ನನಗೆ ನೆನಪಾಗಲಿಲ್ಲ.

ನಮ್ಮ ಜನಕ್ಕೆ ಈ ದೊಡ್ಡ ಹೋಟೆಲುಗಳನ್ನು ಕಂಡರೆ ಒಂದು ಸಿದ್ಧ ತಾತ್ಸಾರ ಇದೆ. ಆತ್ಮೀಯತೆ ಇಲ್ಲ, ನಗುವೆಲ್ಲ ಪ್ಲಾಸ್ಟಿಕ್ ಎಂದೆಲ್ಲ. ನಾನೂ ಅದನ್ನೇ ಬರೆಯಲು ಹೊರಟಿದ್ದೆ. ಅಪ್ಪಯ್ಯನ ಜೊತೆ ಒಂದು ರಾತ್ರಿ ಕಳೆದ ಮೇಲೆ ಬರೆಯಲು ಕೈ ಬರುವುದಿಲ್ಲ. ಹೋಟೆಲು ದೊಡ್ಡದು ಮಾಡಿದವರಲ್ಲಿ ನಾವು ಕರಾವಳಿಯವರೂ ಇದ್ದೇವೆ. ಪಾರಂಪಳ್ಳಿ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು ಎಂಟಿಆರ್. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು ಊಟಕ್ಕೆ ಮಾತ್ರವಲ್ಲ, ಉಳಿಯುವುದಕ್ಕೂ. ಅಪ್ಪಯ್ಯನಿಗೆ ಆ ಐದು ಮಹಡಿಯ ಕಟ್ಟಡ ಪರಕೀಯ ಅನ್ನಿಸಲೇ ಇಲ್ಲ. ತಮ್ಮ ಕಸುಬಿನವರೇ ಯಾರೋ ದುಡ್ಡು ಮಾಡಿದ್ದಾರೆ ಎಂಬಂತೆ ನೋಡುತ್ತಿದ್ದರು.

ಅವರಿಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ.

ರಿಸೆಪ್ಷನ್‌ನಲ್ಲಿ ಹೇಳಿದೆ, ‘ಬೆಳಿಗ್ಗೆ ನಾಲ್ಕಕ್ಕೆ ಹೊರಡುತ್ತೇವೆ, ತಿಂಡಿ?’ ತಿಂಡಿ ರೂಮಿನ ಬಾಡಿಗೆಯಲ್ಲೇ ಸೇರಿತ್ತು. ಆ ಹುಡುಗಿ ಬಹಳ ವಿನಯದಿಂದ, ‘ಸರ್, ಬ್ರೇಕ್‌ಫಾಸ್ಟ್ ಏಳರಿಂದ ಹತ್ತೂವರೆ. ನಿಮಗೆ ಬಾಕ್ಸ್ ಮಾಡಿಕೊಡ್ತೇವೆ’ ಎಂದಳು. ಚೆಕ್‌ಇನ್ ಮಧ್ಯಾಹ್ನ ಎರಡರಿಂದ, ಚೆಕ್‌ಔಟ್ ಮರುದಿನ ಹನ್ನೆರಡಕ್ಕೆ. ಅಂದರೆ ನಾವು 22 ಗಂಟೆಯ ಬಾಡಿಗೆ ಕೊಟ್ಟು ಏಳೂವರೆ ಗಂಟೆ ಇರುವವರು, ತಿಂಡಿಯ ದುಡ್ಡು ಕೊಟ್ಟು ತಿಂಡಿ ತಿನ್ನದೆ ಹೋಗುವವರು.

‘ಏರ್‌ಪೋರ್ಟ್ ಗಿರಾಕಿ ಅಂದ್ರೆ ಯಾರ್?’ ಲಿಫ್ಟಿನಲ್ಲಿ ಅಪ್ಪಯ್ಯ ಕೇಳಿದರು. ‘ಹೊತ್ತಲ್ಲದ ಹೊತ್ತಲ್ಲಿ ಬಪ್ಪವ, ಹೊತ್ತಲ್ಲದ ಹೊತ್ತಲ್ಲಿ ಹೋಪವ. ಅವನಿಗೆ ಏಳ್ ಗಂಟೆಗೆ ತಿಂಡಿ ಎಂತಕ್ಕೆ?’

ಮಾಟುಂಗದಲ್ಲಿ ಅವರ ಹೋಟೆಲಿಗೆ ಮೊದಲ ಗಿರಾಕಿಗಳು ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಿದ್ದರಂತೆ, ಹೂವಿನ ಮಾರುಕಟ್ಟೆಯವರು ಮತ್ತು ಮೊದಲ ಲೋಕಲ್ ಹಿಡಿಯುವವರು. ‘ಗಿರಾಕಿ ನಾಲ್ಕಕ್ಕೆ ಬಪ್ಪವ ಆದ್ರೆ ಒಲೆ ಮೂರಕ್ಕೇ ಹೊತ್ಕಂಡಿರ್ಕ್. ಹೋಟೆಲ್ ಅಂದ್ರೆ ಅಷ್ಟೇ.’ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜುಗಳು ಎಷ್ಟೇ ಮಾಸಿದ್ದರೂ ‘24 ಗಂಟೆ ಚೆಕ್‌ಔಟ್’ ಎಂದು ಬೋರ್ಡು ಹಾಕುತ್ತವಲ್ಲ, ಅದರ ಹಿಂದಿನ ಬುದ್ಧಿ ಇದೇ: ರಾತ್ರಿ ಹತ್ತಕ್ಕೆ ಬಂದರೆ ಮರುದಿನ ರಾತ್ರಿ ಹತ್ತರವರೆಗೆ ರೂಮು ನಿನ್ನದು.

ದೊಡ್ಡ ಹೋಟೆಲಿನವರಿಗೂ ಕಾರಣ ಇದೆ, ಇಲ್ಲ ಎನ್ನುವುದಿಲ್ಲ. ನೂರಾರು ರೂಮು ಗುಡಿಸಿ, ಚಾದರ ಬದಲಿಸಿ ಸಿದ್ಧಮಾಡಲು ಹನ್ನೆರಡರಿಂದ ಎರಡರವರೆಗಿನ ಬಿಡುವು ಬೇಕು, ಕೆಲಸದವರ ಪಾಳಿಯನ್ನು ಅದಕ್ಕೆ ಹೊಂದಿಸಿರುತ್ತಾರೆ. ಪ್ರತಿ ರೂಮಿಗೂ ಬೇರೆ ಬೇರೆ ಗಡಿಯಾರ ಇಟ್ಟರೆ ಚಾದರ ಬದಲಿಸುವವನು ನಡುರಾತ್ರಿಯೂ ಇರಬೇಕು. ಇದನ್ನು ನನಗೆ ವಿವರಿಸಿದ್ದೂ ಅಪ್ಪಯ್ಯನೇ. ಆದರೆ ಅಸಲು ಕಾರಣ ಲಾಬಿಯಲ್ಲಿತ್ತು, ಕೊರಳಿಗೆ ಪಟ್ಟಿ ಹಾಕಿಕೊಂಡು. ಈ ಹೋಟೆಲುಗಳು ಬದುಕುವುದು ಸಭೆ, ಟ್ರೇನಿಂಗು, ಮದುವೆಯ ಆರತಕ್ಷತೆಗಳಿಂದ. ನಾನು ಬ್ಯಾಂಕಿನಲ್ಲಿದ್ದಾಗ ಅಂಥ ಸಭೆಗಳಿಗೆ ಬೇಕಾದಷ್ಟು ಬಂದಿದ್ದೇನೆ. ಕಾರ್ಪೊರೇಷನ್ ಬ್ಯಾಂಕಿನ ಹೆಡ್ ಆಫೀಸು ಮಂಗಳೂರಿನಲ್ಲಿದ್ದ ಕಾಲ, 2020ರ ವಿಲೀನಕ್ಕೆ ಮುಂಚೆ. ಹತ್ತು ಗಂಟೆಗೆ ಸಭೆ ಇರುವವನಿಗೆ ಏಳಕ್ಕೆ ಶುರುವಾಗುವ ತಿಂಡಿ ಹೇಳಿ ಮಾಡಿಸಿದ್ದು. ವಿಮಾನದ ಪ್ರಯಾಣಿಕ ಉಳಿದ ರೂಮು ತುಂಬಿಸಲು. ‘ಏರ್‌ಪೋರ್ಟ್ ಹತ್ತಿರ’ ಎಂಬುದು ಬೋರ್ಡಿನಲ್ಲಿದೆ, ಅಡುಗೆಮನೆಯ ಗಡಿಯಾರದಲ್ಲಿಲ್ಲ.

ಬಿಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ರೂಮಿಗೆ 5,600. 2025ರ ಸೆಪ್ಟೆಂಬರ್‌ನಿಂದ 7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದರಿಂದ ಸ್ವಲ್ಪ ಉಳಿಯಿತು. 7,500ರ ಮೇಲಿನ ರೂಮುಗಳಿರುವ ಹೋಟೆಲಾಗಿದ್ದರೆ ಅದರೊಳಗೆ ತಿಂದ ಇಡ್ಲಿಗೂ ಶೇ 18 ಬೀಳುತ್ತಿತ್ತು. ಹೊರಗಿನ ಹೋಟೆಲಿನಲ್ಲಿ ಅದೇ ಇಡ್ಲಿಗೆ ಶೇ 5. ಊಟದ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ಸೇರಿಸಿದ್ದರು. ಅದನ್ನು ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದಿಲ್ಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಹೇಳಿದ ಕೂಡಲೇ ತೆಗೆದರು, ಮುಖ ಕೂಡ ಹುಳಿ ಮಾಡಲಿಲ್ಲ. ಆ ದುಡ್ಡನ್ನು ಅಪ್ಪಯ್ಯ, ಅದಕ್ಕೆ ಇನ್ನೊಂದು ನೂರು ಸೇರಿಸಿ, ಹೋಗಿ ದೋಸೆಯ ಹುಡುಗನ ಕೈಗೆ ಕೊಟ್ಟು ಬಂದರು. ‘ಬಿಲ್ಲಲ್ಲಿ ಹಾಕ್ರೆ ಮಾಲಕನಿಗೆ. ಕೈಯಲ್ಲಿ ಕೊಟ್ರೆ ಮಾಣಿಗೆ.’

ಬೆಳಿಗ್ಗೆ ಮೂರೂವರೆಗೆ ಕೆಳಗಿಳಿದಾಗ ಲಾಬಿಯಲ್ಲಿ ನಾವಲ್ಲದೆ ಇನ್ನೂ ಐದಾರು ಜನ ಸೂಟ್‌ಕೇಸು ಹಿಡಿದು ನಿಂತಿದ್ದರು. ಇಬ್ಬರು ಮಕ್ಕಳಿದ್ದ ಒಂದು ಸಂಸಾರ, ಕಾಸರಗೋಡು ಕಡೆಯವರು. ಎಲ್ಲರ ಕೈಗೂ ಒಂದೊಂದು ಬಿಳಿ ರಟ್ಟಿನ ಪೆಟ್ಟಿಗೆ. ಒಳಗೆ ಎರಡು ತುಂಡು ಬ್ರೆಡ್ಡು, ಬೆರಳುದ್ದದ ಜಾಮ್, ಒಂದು ಬಾಳೆಹಣ್ಣು, ಒಂದು ಜ್ಯೂಸು. ಎಲ್ಲ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು. ಕಾಫಿ ಕೇಳಿದೆ. ಮೆಷಿನ್ ಐದಕ್ಕೆ ಆನ್ ಆಗುತ್ತದಂತೆ.

ಇಲ್ಲೇ ನನ್ನ ತಕರಾರು. ಮೂರೂವರೆಗೆ ನಲವತ್ತು ಬಗೆಯ ತಿಂಡಿ ಯಾರು ಕೇಳಿದರು? ಒಂದು ಪಾತ್ರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ, ಬಿಸಿ ಕಾಫಿ. ರಾತ್ರಿಪಾಳಿಯ ಒಬ್ಬನೇ ಅಡುಗೆಯವನು ಸಾಕು. ಗಂಜಿ ತಾನೇ ಬೇಯುತ್ತದೆ, ಕಾವಲು ಕೂರಬೇಕಾಗಿಲ್ಲ. ವಿಮಾನ ಹತ್ತುವವನಿಗೆ ಹೊಟ್ಟೆಗೂ ಹಗುರ. ಸಂಜೆ ಎಂಟಕ್ಕೆ ಬಂದು ನಾಲ್ಕಕ್ಕೆ ಹೋಗುವವನಿಗೆ ಎಂಟು ಗಂಟೆಯ ದರ ಇಡಲಿ. ಅವನು ಬಿಟ್ಟುಹೋದ ರೂಮನ್ನು ಬೆಳಿಗ್ಗೆ ಐದಕ್ಕೆ ದುಬೈಯಿಂದ ಇಳಿದು ಬರುವವನಿಗೆ ಕೊಡಲಿ. ಹಗಲು ಎರಡರವರೆಗೆ ಕಾಯಿಸುವ ಬದಲು. ಚಾದರ ಬದಲಿಸಲು ರಾತ್ರಿ ಇಬ್ಬರನ್ನು ಹೆಚ್ಚಿಗೆ ಇಡಬೇಕಾಗುತ್ತದೆ, ಒಪ್ಪಿದೆ. ಒಂದೇ ರೂಮಿಗೆ ಒಂದೇ ದಿನ ಎರಡು ಬಾಡಿಗೆ ಬರುವಾಗ ಅದು ಹೊರೆಯೇ? ಮಂಗಳೂರಿನಲ್ಲಿ ಇದನ್ನು ಯಾರಾದರೂ ಮಾಡಿದರೆ ಉಡುಪಿ, ಕುಂದಾಪುರ, ಕಾಸರಗೋಡಿನಿಂದ ನಡುರಾತ್ರಿ ಕಾರು ಓಡಿಸುವವರಲ್ಲಿ ಅರ್ಧ ಜನ ಅಲ್ಲಿಗೆ ಬರುತ್ತಾರೆ ಎಂದು ನನಗನ್ನಿಸುತ್ತದೆ. ಅಪ್ಪಯ್ಯ ಅರ್ಧ ಅಲ್ಲ, ಕಾಲು ಎಂದರು. ಲೆಕ್ಕದಲ್ಲಿ ಅವರು ಯಾವಾಗಲೂ ಕೈ ಹಿಡಿದೇ ಮಾತಾಡುವುದು.

ರಟ್ಟಿನ ಪೆಟ್ಟಿಗೆ ಡೊಂಬಿವಿಲಿಯವರೆಗೆ ಬಂತು. ಅನ್ನ ಬಿಸಾಡುವ ಅಭ್ಯಾಸ ಅಪ್ಪಯ್ಯನಿಗಿಲ್ಲ. ಬ್ರೆಡ್ಡನ್ನು ತಂಗಿಯ ಮನೆಯ ಬಾಲ್ಕನಿಯಲ್ಲಿ ಕಾಗೆಗೆ ಹಾಕಿದರು. ಹೋಮ ಬೇಗ ಮುಗಿದು, ಹನ್ನೆರಡಕ್ಕೆ ಮೊದಲ ಪಂಕ್ತಿಗೇ ಕೂತಿದ್ದೆವು. ಎಲೆಗೆ ಉಪ್ಪು ಬಿದ್ದಿತ್ತು, ಕೋಸಂಬರಿ ಬರುತ್ತಿತ್ತು, ಆಗ ನನ್ನ ಮೊಬೈಲ್ ಸದ್ದಾಯಿತು. ‘ನಮ್ಮಲ್ಲಿ ತಂಗಿದ್ದಕ್ಕೆ ಧನ್ಯವಾದ. ನಿಮ್ಮ ಚೆಕ್‌ಔಟ್ ಪೂರ್ಣಗೊಂಡಿದೆ. ನಮಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?’

ಅಪ್ಪಯ್ಯನಿಗೆ ಓದಿ ಹೇಳಿದೆ. ಗೋಡೆಯ ಗಡಿಯಾರ ನೋಡಿದರು. ‘ಈಗ ಹೊರಟ್ರ್ಯಾ ನಾವ್?’ ಎಂದು ಕೇಳಿ, ಬಡಿಸುವವನಿಗೆ ಇನ್ನೊಂದು ಚೂರು ಕೋಸಂಬರಿ ಹಾಕಲು ಹೇಳಿದರು.